ಸಂಜೆಗೆ ಸೋಲುವ ಕಾಲು

ಸರಿತಾಳಿಗೆ ಸಿಟ್ಟು ಬಂದರೆ ಬೇಮಳಖೇಡದ ಅರ್ಧ ಊರಿಗೆ ಗೊತ್ತಾಗುತ್ತದೆ. ಉಳಿದ ಅರ್ಧ ಊರಿಗೆ ಅವಳ ಅತ್ತೆ ಸಖುಬಾಯಿ ಹೋಗಿ ಹೇಳಿ ಬರುತ್ತಾಳೆ. ಹಾಗಂತ ಸರಿತಾ ಹುಟ್ಟಾ ಜಗಳಗಂಟಿಯಲ್ಲ. ಕುರಿಗಾರರ ಮನೆಯ ಸೊಸೆ. ಗಂಡ ಮಡೆಪ್ಪ ಮತ್ತು ಮೈದುನ ಅವಿನಾಶ ಹಿಂಡು ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದರೆ, ಇತ್ತ ಮನೆ, ಎಮ್ಮೆ, ಮಳೆ ನಂಬಿದ ಒಂದಿಷ್ಟು ತೊಗರಿ ಎಲ್ಲವನ್ನೂ ಹಾಡು ಗುನುಗುತ್ತಲೇ ನೋಡಿಕೊಂಡಿದ್ದವಳು. ನಾಲಿಗೆಗೆ ಈ ಹರಿತ ಬಂದದ್ದು ಮಗಳು ಪೂನಂಳ ಕಾಲು ಸಂಜೆಸಂಜೆಗೆ ಸೋಲಲು ಶುರುವಾದ ಮೇಲೆ.

ಅದೆಂಥ ರೋಗವೋ ಏನೋ. ಮುಂಜಾನೆ ಎದ್ದಾಗ ಪೂನಂ ಬೇರೆ ಮಕ್ಕಳ ಹಾಗೆಯೇ ಇರುತ್ತಿದ್ದಳು. ಕೋಳಿ ಅಟ್ಟಿಸಿಕೊಂಡು ಹೋಗುವಳು, ಕಟ್ಟೆ ಹತ್ತಿ ಜಿಗಿಯುವಳು. ಬಿಸಿಲು ಏರಿದಂತೆ ಎಡಗಾಲಿನ ಬೆರಳು ಒಳಕ್ಕೆ ತಿರುಗುತ್ತಿತ್ತು. ಮಧ್ಯಾಹ್ನಕ್ಕೆ ಹಿಮ್ಮಡಿ ನೆಲ ಬಿಡುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಎರಡೂ ಕಾಲು ಬಿಗಿದು, ಕೈ ಸೊಟ್ಟಗಾಗಿ, ನಿಲ್ಲಿಸಿದರೆ ಬೀಳುವಳು. ರಾತ್ರಿ ನಿದ್ದೆ ಮಾಡಿದಳೆಂದರೆ ಆಯಿತು, ಮರುದಿನ ಮತ್ತೆ ಕೋಳಿಯ ಹಿಂದೆ ಓಟ.

ನೋಡಿದವರು ಸುಮ್ಮನಿರುತ್ತಾರೆಯೇ? ಹುಡುಗಿ ನಾಟಕ ಮಾಡುತ್ತಾಳೆ ಅಂದವರಿದ್ದರು. ಎತ್ತಿಕೊಂಡು ಎತ್ತಿಕೊಂಡು ಅಜ್ಜಿಯೇ ಸೊಕ್ಕು ಹತ್ತಿಸಿದ್ದಾಳೆ ಅಂದವರಿದ್ದರು. ಸಂಜೆಯ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ಇಳಿಸಿ, ತಾಯತ ಕಟ್ಟಿ, ಮಾಣಿಕನಗರದ ಗುಡಿಗೆ ಕರೆದೊಯ್ದು ಕೈಮುಗಿಸಿದ್ದೂ ಆಯಿತು. ಓಣಿಯಲ್ಲಿ ಸಂಜೆ ಹೊತ್ತು ಮಕ್ಕಳ ಗದ್ದಲ ಏರಿದಾಗ ತಾಯಂದಿರು ಬಾಗಿಲಿಗೆ ಬಂದು 'ಕಾಲು ಮುರೀತೀನಿ ನೋಡು!' ಎಂದು ಬೈಯುವುದು ಊರಿಗೆಲ್ಲ ರೂಢಿಯ ಮಾತು. ಆ ಮಾತು ಕಿವಿಗೆ ಬಿದ್ದೊಡನೆ ಸರಿತಾ ಒಳಗೆ ಹೋಗಿ ಕದ ಎಳೆದುಕೊಳ್ಳುತ್ತಿದ್ದಳು.

ದವಾಖಾನೆಯ ಪಾಡು ಕೇಳಲೇಬಾರದು. ಹುಮನಾಬಾದಿನಲ್ಲಿ ಡಾಕ್ಟರರು ನೋಡುವುದು ಮುಂಜಾನೆ. ಮೊದಲ ಬಸ್ಸಿಗೆ ಹೋಗಿ ಸಾಲು ಹಿಡಿದರೆ, ಪೂನಂ ಆ ಉದ್ದನೆಯ ಪಡಸಾಲೆಯ ತುಂಬ ಓಡಾಡಿ ನರ್ಸುಗಳ ಕೈಯಿಂದ ಬೈಸಿಕೊಳ್ಳುವಳು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಇಷ್ಟ್ ಛಲೋ ಓಡಾಕತ್ತದ, ಏನಾಗ್ಯದ ಅಂತ ತಂದೀಯವ್ವಾ?" ಎನ್ನುವರು.

"ಸಂಜಿಗಿ ನೋಡ್ರಿ ಸಾಹೇಬ್ರ, ಸಂಜಿಗಿ!" ಎಂದು ಸರಿತಾ ಎಷ್ಟು ಗಂಟಲು ಹರಿದುಕೊಂಡರೂ ಕ್ಯಾಲ್ಸಿಯಂ ಬರೆದುಕೊಡುವರು. ಒಬ್ಬರು ಜಂತಿನ ಔಷಧಿ ಬರೆದರು. ಇನ್ನೊಬ್ಬರು ಗಟ್ಟಿ ಬೂಟು ಹಾಕಿಸಿ ಅಂದರು. ಬಸ್ ಸ್ಟ್ಯಾಂಡಿನ ಎದುರು ಆರಿಫನ ಮೆಡಿಕಲ್ ಅಂಗಡಿ ಇದೆ. ಅಲ್ಲಿನ ಕಪಾಟಿನ ಒಂದು ಖಾನೆಯ ಟಾನಿಕ್ಕು ಪೂರ್ತಿ ಪೂನಂಳ ಹೊಟ್ಟೆಗೇ ಹೋಗಿರಬೇಕು. ಒಮ್ಮೆ ಸರಿತಾ ಹಟ ಹಿಡಿದು ಸಂಜೆಯವರೆಗೂ ದವಾಖಾನೆಯ ಕಟ್ಟೆಯ ಮೇಲೆಯೇ ಕೂತಳು. ಮಗಳ ಕಾಲು ಸೊಟ್ಟಗಾದದ್ದೇ ತಡ, ಎತ್ತಿಕೊಂಡು ಒಳಗೆ ನುಗ್ಗಿದಳು. ಡಾಕ್ಟರು ಆಗಲೇ ಮನೆಗೆ ಹೋಗಿದ್ದರು. ಕಂಪೌಂಡರು ಬಾಗಿಲಿಗೆ ಕೀಲಿ ಹಾಕುತ್ತ, "ನಾಳಿ ಮುಂಜಾನಿ ಬಾ" ಅಂದ. ಅವನ ಕೈಯ ಕೀಲಿ ಕಸಿದು ಚರಂಡಿಗೆ ಎಸೆಯಬೇಕು ಅನಿಸಿತು. ಎಸೆಯಲಿಲ್ಲ, ಅಷ್ಟೇ.

ಕೊನೆಗೆ ಹೊಸದಾಗಿ ಬಂದ ಮಕ್ಕಳ ಡಾಕ್ಟರೊಬ್ಬರು, ಅವಿನಾಶ ತನ್ನ ಫೋನಿನಲ್ಲಿ ಹಿಡಿದಿದ್ದ ಸಂಜೆಯ ವಿಡಿಯೋವನ್ನು ಪೂರ್ತಿ ನೋಡಿದರು. ಮತ್ತೊಮ್ಮೆ ನೋಡಿದರು. "ಇದು ನಾಟಕ ಅಲ್ಲ. ಏನದ ಅಂತ ನನಗೂ ಗೊತ್ತಿಲ್ಲ" ಎಂದರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೊದಲ ಡಾಕ್ಟರು ಅವರು. ಸರಿತಾಳಿಗೆ ಅವರ ಕಾಲಿಗೆ ಬೀಳಬೇಕು ಅನಿಸಿತು. ಹೈದರಾಬಾದಿನಿಂದ ಸಂಶೋಧನೆಯವರ ತಂಡವೊಂದು ಬಸವಕಲ್ಯಾಣದ ಒಂದು ದವಾಖಾನೆಗೆ ಆಗಾಗ ಬರುತ್ತದೆ, ಹೆಸರು ಹತ್ತದ ರೋಗಗಳನ್ನು ರಕ್ತದಲ್ಲಿ ಹುಡುಕುತ್ತಾರೆ, ಅಲ್ಲಿಗೆ ಹೋಗಿ ಎಂದು ಚೀಟಿ ಕೊಟ್ಟರು.

ಬಸವಕಲ್ಯಾಣದಲ್ಲಿ ಸಿಕ್ಕವಳು ಮಯೂರಿ. ಕಲಬುರಗಿ ಕಡೆಯ ಹುಡುಗಿ, ಓದಿದವಳು, ದನಿ ಎಷ್ಟು ಮೆತ್ತಗೆಂದರೆ ಕಿವಿ ಹತ್ತಿರ ಒಯ್ಯಬೇಕು. ಅವಳು ಬಿಡಿಸಿ ಹೇಳಿದ್ದು ಇಷ್ಟು. ಮೈ ಹೇಗೆ ನಡೆಯಬೇಕು ಎಂಬ ಅಪ್ಪಣೆಗಳೆಲ್ಲ ರಕ್ತದಲ್ಲಿರುತ್ತವೆ. ಪ್ರತಿಯೊಂದೂ ಜೋಡಿ. ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ತೊಂದರೆ.

"ಒಂದು ಎತ್ತು ಕುಂಟಾದ್ರ ಜೋಡಿ ಎತ್ತು ಎಳೀತದಲ್ಲ, ಹಂಗ?" ಎಂದಳು ಸರಿತಾ.

"ಹಂಗೇ ಅಕ್ಕಾ. ಅದಕ್ಕ ಮೂವರ ರಕ್ತ ಬೇಕು. ಮಗೂದು, ನಿಮ್ಮದು, ಅಪ್ಪಂದು. ಮೂರೂ ಕೂಡಿಸಿ ನೋಡಿದ್ರನ ದೋಷ ಎಲ್ಲಿ ಅದ ಅಂತ ಖಾತ್ರಿ ಹೇಳಬಹುದು. ಖಾತ್ರಿ ಆದ್ರ ಆ ದೋಷಕ್ಕ ಸರಿಹೊಂದೋ ಔಷಧಿ ಇರಬಹುದು."

ಜೊತೆಗೆ ಬಂದಿದ್ದ ಸಖುಬಾಯಿ ಸೆರಗು ಸರಿಪಡಿಸಿಕೊಂಡು, "ನಮ್ಮ ಮನೆತನದಾಗ ಹಿಂಥಾದ್ದಿಲ್ಲರಿ ಮೇಡಂ. ಇಕಿ ತವರಮನಿ ಕಡೆಯಿಂದ ಬಂದಿರಬೇಕು" ಎಂದಳು. ಸರಿತಾಳ ತವರುಮನೆ ಯಾವುದು? ದುಬಲಗುಂಡಿಯಲ್ಲಿರುವ ಸಖುಬಾಯಿಯ ಸ್ವಂತ ಅಣ್ಣನ ಮನೆ! ಸೋದರತ್ತೆಯ ಮಗನಿಗೆ ಕೊಟ್ಟ ಹುಡುಗಿ ಇವಳು. ಆ ಮುದುಕಿ ತಾನು ಹುಟ್ಟಿದ ಮನೆಯನ್ನೇ ಬೈದುಕೊಂಡು ಹೆಮ್ಮೆಯಿಂದ ಕೂತಿದ್ದಳು. ಸರಿತಾ ಹಣೆ ಚಚ್ಚಿಕೊಂಡು ತೋಳು ಮುಂದೆ ಚಾಚಿದಳು.

ತಾಯಿ ಮಗಳ ರಕ್ತ ಅವತ್ತೇ ಆಯಿತು. ಉಳಿದದ್ದು ಮಡೆಪ್ಪನದು. ಹಿಂಡು ಆಗ ಬಸವಕಲ್ಯಾಣದ ಹೊರಗೆ, ಗೊಬ್ಬರಕ್ಕೆಂದು ಯಾರದೋ ಹೊಲದಲ್ಲಿ ಕೂತಿತ್ತು. ದವಾಖಾನೆಗೂ ಹೊಲಕ್ಕೂ ಆಟೋದ ದಾರಿ. ಸರಿತಾ ಫೋನು ಹಚ್ಚಿ ತಿಳಿಸಿ ಹೇಳಿದಳು. ನಾಲ್ಕು ದಿನ ಬಿಟ್ಟು ಮತ್ತೆ ಕೇಳಿದರೆ ಮಡೆಪ್ಪ, "ಹಾಂ, ರಕ್ತ ಕೊಟ್ಟದ್ದಾತು" ಎಂದ. ಮಾತು ಕಡಿಮೆಯ ಮನುಷ್ಯ. ಅಷ್ಟು ಹೇಳಿದ್ದೇ ದೊಡ್ಡದು ಎಂದುಕೊಂಡಳು.

ಆಮೇಲೆ ಕಾಯುವುದು. ತೊಗರಿ ಒಕ್ಕುವುದು ಮುಗಿದು ಬೇಸಿಗೆಯೇ ಬಂತು. ಫೋನು ಮಾಡಿದಾಗಲೆಲ್ಲ ಮಯೂರಿಯ ಆ ಮೆತ್ತನೆಯ ದನಿ, "ಇನ್ನಾ ಬಂದಿಲ್ಲ ಅಕ್ಕಾ, ನೋಡೋಣ." ನೋಡೋಣ ಎಂಬ ಮಾತು ಕೇಳಿದರೆ ಸರಿತಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತ ಪೂನಂಳ ಕಾಲು ಕಾಯುತ್ತಿರಲಿಲ್ಲ. ಸಂಜೆಗೆ ಸೋಲುತ್ತಿದ್ದದ್ದು ಮಧ್ಯಾಹ್ನಕ್ಕೇ ಸೋಲತೊಡಗಿತು. ಶಾಲೆಯಿಂದ ಸಖುಬಾಯಿ ಕಂಕುಳಲ್ಲಿ ಎತ್ತಿಕೊಂಡು ಬರಬೇಕು. ಹೀಗೇ ಬಿಟ್ಟರೆ ಪಾದದ ಎಲುಬು ಸೊಟ್ಟಗೇ ಕೂತುಬಿಡುತ್ತದೆ, ಆಮೇಲೆ ಔಷಧಿ ಸಿಕ್ಕರೂ ಪೂರ್ತಿ ನೆಟ್ಟಗಾಗುವುದು ಕಷ್ಟ ಎಂದು ಮಕ್ಕಳ ಡಾಕ್ಟರು ಹೇಳಿದ್ದು ಅವಳ ಎದೆಯಲ್ಲಿ ಕೂತಿತ್ತು.

ಕೊನೆಗೊಂದು ದಿನ ಮಯೂರಿಯೇ ಫೋನು ಮಾಡಿ ಬರಹೇಳಿದಳು. ಸರಿತಾ, ಸಖುಬಾಯಿ, ಪೂನಂ ಮೂವರೂ ಹೋದರು. ಮಯೂರಿ ಬಾಗಿಲು ಮುಂದೆ ಮಾಡಿ, "ಅಕ್ಕಾ, ನಿಮ್ಮ ಒಬ್ಬರ ಜೋಡಿ ಮಾತಾಡೂದಿತ್ತು" ಎಂದಳು. ಸಖುಬಾಯಿ ಕುರ್ಚಿಯಿಂದ ಅಲ್ಲಾಡಲಿಲ್ಲ.

"ನಮ್ಮತ್ತಿ ಮುಂದ ಹೇಳ್ರಿ, ಮುಚ್ಚಿಡೂದೇನದ" ಎಂದಳು ಸರಿತಾ. ಆ ಮಾತು ಯಾಕಾದರೂ ಆಡಿದೆನೋ ಎಂದು ಇಂದಿಗೂ ಅಂದುಕೊಳ್ಳುತ್ತಾಳೆ.

ಮಯೂರಿ ನೀರು ಕುಡಿದಳು. "ಪೂನಂಗ ಎರಡೂ ಕಡೆಯಿಂದ ಒಂದೇ ದೋಷ ಬಂದಂಗ ಕಾಣ್ತದ. ನಿಮ್ಮ ರಕ್ತದಾಗ ಒಂದು ಸಿಕ್ಕದ. ಅಪ್ಪನ ರಕ್ತದಾಗ ಇನ್ನೊಂದು ಸಿಗಬೇಕಿತ್ತು. ಸಿಕ್ಕಿಲ್ಲ."

"ಅಂದ್ರ?"

"ಅಂದ್ರ, ಅಪ್ಪಂದು ಅಂತ ನಮ್ಮ ಕಡೆ ಬಂದ ರಕ್ತ ಈ ಮಗುವಿನ ಅಪ್ಪಂದಲ್ಲ ಅಕ್ಕಾ. ಹತ್ತಿರದವರದು. ಅಪ್ಪನ ಅಣ್ಣತಮ್ಮರದು ಇದ್ದಂಗದ. ಎರಡು ಸಲ ನೋಡೇವಿ."

ಸ್ವಲ್ಪ ಹೊತ್ತು ಸರಿತಾಳಿಗೆ ತಿಳಿಯಲೇ ಇಲ್ಲ. ತಿಳಿದಾಗ ಸಿಟ್ಟು ನೆತ್ತಿಗೇರಿತು. ಮಡೆಪ್ಪ ತಾನೇ ರಕ್ತ ಕೊಟ್ಟಿದ್ದರೆ, ಮಗಳು ಅವನವಳಲ್ಲ, ಅವನ ತಮ್ಮನವಳು ಎಂದಾಯಿತು. ಇರುವವನು ಒಬ್ಬನೇ ತಮ್ಮ, ಅವಿನಾಶ. "ನಿಮ್ಮ ಬಾಟ್ಲಿ ಅದಲುಬದಲಾಗ್ಯಾವ! ವರ್ಸಾನಗಟ್ಟಲೆ ಅಲೆಸಿದ್ದು ಸಾಲ್ದು ಅಂತ ಈಗ ಇದೊಂದು ಹಚ್ಚತೀರೇನು ನನಗ? ಕಾಲು ತೋರಸಾಕ ಬಂದೀನಿ ನಾ, ನಡತಿ ತೋರಸಾಕ ಬಂದಿಲ್ಲ!" ಎಂದು ಆ ಕೋಣೆ ಅದುರುವಂತೆ ಕೂಗಿದಳು. ಹೊರಗೆ ಕೂತ ಮಂದಿಯೆಲ್ಲ ಬಾಗಿಲಿನತ್ತ ಕತ್ತು ಚಾಚಿದರು.

"ತಪ್ಪು ಎಲ್ಲ್ಯಾರ ಆಗಿರಬಹುದು. ಮಡೆಪ್ಪ ಅವರನ್ನ ಇನ್ನೊಮ್ಮೆ ಕರ್ಕೊಂಡು ಬರ್ರಿ ಅಕ್ಕಾ. ಅಲ್ಲೀತನಕ ಔಷಧಿ ಹೇಳಾಕ ಆಗಂಗಿಲ್ಲ" ಎಂದಳು ಮಯೂರಿ.

ಮಯೂರಿಯ ಮಾತಿಗಿಂತ ಸರಿತಾಳನ್ನು ಸುಟ್ಟದ್ದು ಬೇರೆ. ಹೊರಗೆ ಬಂದಾಗ ಮಧ್ಯಾಹ್ನವಾಗಿತ್ತು, ಪೂನಂಳ ಎರಡೂ ಕಾಲು ಬಿಗಿದಿದ್ದವು. ಹುಡುಗಿ ದಿನದ ರೂಢಿಯಂತೆ ಅಜ್ಜಿಯತ್ತ ಎರಡೂ ಕೈ ಚಾಚಿದಳು. ಸಖುಬಾಯಿ ನೋಡಿದಳು. ಎತ್ತಿಕೊಳ್ಳಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತ ರಸ್ತೆಯತ್ತ ಮುಖ ತಿರುಗಿಸಿದಳು. ತಾನು ಹುಟ್ಟಿದಾಗ ತೊಟ್ಟಿಲಿಗೆ ಹಾಕಿದ ಸೋದರತ್ತೆ, ಎತ್ತಿ ಆಡಿಸಿದ ಅತ್ತೆ, ಇವಳೂ ನಂಬಿದಳೇ! ಸರಿತಾ ಮಗಳನ್ನು ತಾನೇ ಎತ್ತಿಕೊಂಡು, ಆಟೋ ನಿಲ್ಲಿಸಿ, ಹಿಂಡು ತಿರುಗಿ ಅದೇ ಸೀಮೆಗೆ ಬಂದು ಕೂತಿದ್ದ ಹೊಲಕ್ಕೆ ನೇರ ಹೋಗು ಎಂದಳು. ದಾರಿಯುದ್ದಕ್ಕೂ ಅತ್ತೆ ಉಸಿರೆತ್ತಲಿಲ್ಲ. ಆಟೋದವನಿಗೂ ಹೆದರಿಕೆಯಾಗಿ ಹಾಡು ಬಂದ್ ಮಾಡಿದ.

ಹೊಲದಲ್ಲಿ ಅವಿನಾಶ ಬೇವಿನ ನೆರಳಿನಲ್ಲಿ ರೊಟ್ಟಿ ತಿನ್ನುತ್ತಿದ್ದ. "ವೈನಿ ಬಂದ್ಳು ನೋಡಣ್ಣ! ಬರ್ರಿ ಬರ್ರಿ, ಊಟ ಮಾಡ್ರಿ" ಎಂದು ನಕ್ಕ. ಮಡೆಪ್ಪ ಮರಿಯೊಂದರ ಗೊರಸು ನೋಡುತ್ತಿದ್ದವನು ತಲೆ ಎತ್ತಿದ. ಸರಿತಾ ಚಪ್ಪಲಿಯನ್ನೂ ಬಿಡದೆ ಗಂಡನ ಮುಂದೆ ನಿಂತಳು. ಮದುವೆಯಾದಾಗಿನಿಂದ 'ರೀ' ಎಂದೇ ಮಾತಾಡಿಸಿದವಳು ಅವತ್ತು ಅದನ್ನೂ ಗಾಳಿಗೆ ತೂರಿದ್ದಳು.

"ದವಾಖಾನ್ಯಾಗ ರಕ್ತ ಕೊಟ್ಟಂವ ಯಾರು? ನೀನೇನು?"

ಮಡೆಪ್ಪ ಗಡ್ಡ ಕೆರೆದುಕೊಂಡ. ತಮ್ಮನ ಮುಖ ನೋಡಿದ. ಅವಿನಾಶ ತುತ್ತು ನುಂಗಿ, ಏನೂ ಆಗಿಲ್ಲವೆಂಬಂತೆ, "ನಾನೇ ಹೋಗಿದ್ನಿ ವೈನಿ, ಬದ್ಲಿ" ಎಂದ.

"ಬದ್ಲಿ?"

"ಹೂಂ. ಅವತ್ತು ಕುರಿ ಈಯಾಕತ್ತಿದ್ವು, ಅಣ್ಣ ಹಿಂಡು ಬಿಟ್ಟು ಹ್ಯಾಂಗ ಹೋಗಬೇಕು? ಮನಿಗೊಬ್ಬರು ಹೋದ್ರ ಆತು ಅಂತ ನಾ ಹೋದ್ನಿ. ಅಣ್ಣನ ಆಧಾರ್ ಒಯ್ದಿದ್ನಿ, ಫೋಟೋದಾಗ ಇಬ್ಬರೂ ಒಂದೇ ಕಾಣ್ತೀವಿ. ಹೆಸರು ಕೇಳಿದ್ರು, ಮಡೆಪ್ಪ ಅಂದ್ನಿ."

ತಪ್ಪು ಮಾಡಿದ ಕಳೆ ಅವನ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. ಹೇಗೆ ಇರಬೇಕು? ಕುರಿಗಾರರಲ್ಲಿ ಒಬ್ಬನಿಗೆ ಬಿಡುವಿಲ್ಲದಿದ್ದರೆ ಇನ್ನೊಬ್ಬ ಬದಲಿ ನಿಲ್ಲುವುದು ಮೊದಲಿನಿಂದ ನಡೆದುಬಂದ ಪದ್ಧತಿ. ಸತ್ತವರ ಮಣ್ಣಿಗೆ ಹೋಗುವುದಿರಲಿ, ಮದುವೆಗೆ ಹೋಗುವುದಿರಲಿ, ಮನೆಯಿಂದ ಒಬ್ಬರು ಹೋದರೆ ಮನೆಯವರೆಲ್ಲ ಹೋದ ಹಾಗೆ. ಸಾಲದ್ದಕ್ಕೆ ಅವಿನಾಶ ಇನ್ನೊಂದು ಸಮಜಾಯಿಷಿಯನ್ನೂ ಸೇರಿಸಿದ.

"ದನದ ಡಾಕ್ಟರ್ ಬಂದಾಗೇನು ಎಲ್ಲಾ ಕುರಿದು ರಕ್ತ ತಗೋತಾನೇನು? ಒಂದೆರಡು ಕುರಿದು ತಗೊಂಡು ಇಡೀ ಹಿಂಡಿಂದು ಹೇಳ್ತಾನ. ನಾವಿಬ್ಬರೂ ಒಂದೇ ಹೊಟ್ಟ್ಯಾಗ ಹುಟ್ಟೇವಿ. ಅಣ್ಣಂದ್ಯಾವುದು, ನಂದ್ಯಾವುದು?"

ಸರಿತಾ ಬಾಯಿ ಬಿಟ್ಟಳು ನೋಡಿ, ಅಣ್ಣತಮ್ಮಂದಿರಿಬ್ಬರ ಬೆವರಿಳಿದುಹೋಯಿತು. "ನಿಮ್ಮ ಬದ್ಲಿಗಿಷ್ಟು ಬೆಂಕಿ ಹಚ್ಚಲಿ! ಅಲ್ಲಿ ನನ್ನ ಮಾರಿ ಮ್ಯಾಲ ಏನಂದ್ರು ಗೊತ್ತೇನು? ಇಷ್ಟು ತಿಂಗಳು ಮಣ್ಣುಪಾಲಾತು! ಮಗಳ ಕಾಲು ನೋಡ್ರಿ, ಮಧ್ಯಾಹ್ನಕ್ಕ ಹಿಂಗ ಆಗ್ಯಾವ! ಅಕಿ ಕಾಲಿಗಿ ಬದ್ಲಿ ಯಾರದಾರ? ಹೇಳ್ರಿ, ಯಾರದಾರ?"

ಹಿಂಡೂ ಬೆದರಿ ಸರಿದು ನಿಂತಿತು. ಮಡೆಪ್ಪ ತಲೆ ತಗ್ಗಿಸಿ, ಅವಳಿಗಷ್ಟೇ ಕೇಳುವಂತೆ, "ನನಗ ಆ ಸೂಜಿ ಆಗಂಗಿಲ್ಲ, ಸರಿತಾ" ಎಂದ. ಮರಿಗಳ ಕಿವಿ ಕತ್ತರಿಸುವ, ಹುಳ ಬಿದ್ದ ಗಾಯಕ್ಕೆ ಬರಿಗೈ ಹಾಕುವ ಮನುಷ್ಯ! ಕುರಿ ಈಯುವುದು ಬರೀ ನೆಪ ಎಂದು ಆಗ ತಿಳಿಯಿತು.

"ಏಳು" ಎಂದಳು ಸರಿತಾ. "ಅವಿನಾಶ, ಈಗ ನಿಲ್ಲು ಬದ್ಲಿ, ಕುರಿ ಮುಂದ! ಅಲ್ಲಿ ನಡೀತದ ನಿನ್ನ ಬದ್ಲಿ."

ಸಖುಬಾಯಿ ಆಟೋ ಹತ್ತಿರವೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಈಗ ಸರಸರನೆ ಬಂದು ಪೂನಂಳತ್ತ ಎರಡೂ ಕೈ ಚಾಚಿದಳು. ಸರಿತಾ ಮಗಳನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು.

"ಬ್ಯಾಡತ್ತಿ. ನಾನೇ ಎತ್ಕೋತೀನಿ."

"ಸರಿತಾ..."

"ನಿಮ್ಮಣ್ಣನ ಮಗಳು ನಾ. ಬ್ಯಾರೆದವರು ಅಂದಿದ್ರ ಅನ್ಲಿ ಅಂತ ಬಿಡ್ತಿದ್ನಿ. ದವಾಖಾನಿಯಿಂದ ಇಲ್ಲೀತನಕ ಸುಮ್ಮ ಕುಂತ್ರಲ್ಲ ನೀವು, ಅದನ್ನ ನಾ ಮರಿಯಂಗಿಲ್ಲ."

ಮುದುಕಿ ಕೈ ಇಳಿಬಿಟ್ಟಳು. ಊರಿನ ಅರ್ಧಕ್ಕೆ ಸುದ್ದಿ ಹಂಚುವ ಸಖುಬಾಯಿ ಈ ಸುದ್ದಿಯನ್ನು ಮಾತ್ರ ಯಾರಿಗೂ ಹಂಚಲಿಲ್ಲ.

ದವಾಖಾನೆಯಲ್ಲಿ ಸೂಜಿ ಕಂಡದ್ದೇ ಮಡೆಪ್ಪ ಕಣ್ಣು ಮೇಲೆ ಮಾಡಿ ಕುರ್ಚಿಯಿಂದ ಜಾರಿದ. ಸರಿತಾ ಒಂದು ಕಂಕುಳಲ್ಲಿ ಮಗಳನ್ನು ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಗಂಡನ ತೋಳು ಗಟ್ಟಿ ಹಿಡಿದು, "ತಗೋರಿ ಮೇಡಂ, ಎಚ್ಚರಾಗೂದ್ರಾಗ ತಗೋರಿ!" ಎಂದಳು. ಮಯೂರಿ ಒಪ್ಪಲಿಲ್ಲ. ಎಚ್ಚರಾಗಲಿ, ಅವರೇ ಹೂಂ ಅನ್ನಬೇಕು ಎಂದಳು. ನೀರು ಚಿಮುಕಿಸಿ, ಚಹಾ ಕುಡಿಸಿ, ಎಬ್ಬಿಸಿ ಕೂರಿಸಿದ ಮೇಲೆ ಮಡೆಪ್ಪ ಗೋಡೆ ನೋಡುತ್ತ ಹೂಂ ಅಂದ. ಹೊರಡುವಾಗ ಸರಿತಾ ಮಯೂರಿಗೆ, "ಅವಾಗ ಬೈದ್ನಿ. ತಪ್ಪು ನಮ್ಮ ಕಡೆದು" ಎಂದಳು. ಹೇಳುವಾಗಲೂ ಸಿಟ್ಟಿನಲ್ಲೇ ಹೇಳಿದಳು, ಆ ದಿನ ಅವಳ ಬಳಿ ಬೇರೆ ದನಿಯೇ ಉಳಿದಿರಲಿಲ್ಲ.

ಮತ್ತೆ ಕಾಯುವುದು, ಮತ್ತೆ 'ನೋಡೋಣ'. ಈ ಸಲ ರಿಪೋರ್ಟು ಬೇಗ ಬಂತು. ಮಡೆಪ್ಪನ ರಕ್ತದಲ್ಲಿ ಆ ಇನ್ನೊಂದು ದೋಷ ಇತ್ತು. ಎರಡೂ ಒಂದೇ ಹಳೆಯ ಮನೆಯಿಂದ, ಅಂದರೆ ದುಬಲಗುಂಡಿಯ ಕಡೆಯಿಂದ, ಒಂದು ಮಗಳ ಮೂಲಕ, ಇನ್ನೊಂದು ಮಗನ ಮೂಲಕ ಇಳಿದುಬಂದಿರಬೇಕು ಎಂದಳು ಮಯೂರಿ. ಸಖುಬಾಯಿ ಮನೆತನದ ಮಾತು ಎತ್ತಲಿಲ್ಲ. "ಜರಾ ನೀರು ಕೊಡ್ರಿ" ಎಂದಳು.

ಪೂನಂಳ ಮೆದುಳಿಗೆ ಕೈಕಾಲು ಆಡಿಸಲು ಬೇಕಾದ ರಸವೊಂದು ಸಾಕಷ್ಟು ತಯಾರಾಗುವುದಿಲ್ಲವಂತೆ. ನಿದ್ದೆಯಲ್ಲಿ ಅಷ್ಟಿಷ್ಟು ತುಂಬಿಕೊಂಡದ್ದು ಹಗಲು ಓಡಾಡಿದಂತೆ ತೀರಿಹೋಗುತ್ತದಂತೆ. ಅದಕ್ಕೇ ಸಂಜೆಗೆ ಕಾಲು ಸೋಲುವುದು. ಆ ಕೊರತೆ ತುಂಬುವ ಗುಳಿಗೆ ಇದೆ. ಈ ಹುಡುಗಿಯ ದೋಷ ನೋಡಿ, ತೂಕ ನೋಡಿ, ಇವಳಿಗೆಂದೇ ಅಳತೆ ಕಟ್ಟಬೇಕು. ಮೊದಲು ಒಂದು ಗುಳಿಗೆಯ ಕಾಲು ಭಾಗದಿಂದ ಶುರು.

"ಎಲ್ಲಿಂದ ತರಸಬೇಕ್ರಿ? ಹೈದರಾಬಾದೋ, ಫಾರಿನ್ನೋ?" ಎಂದಳು ಸರಿತಾ.

"ಹುಮನಾಬಾದಿನಾಗೇ ಸಿಗ್ತದ ಅಕ್ಕಾ."

ಸಿಕ್ಕಿತು. ಆರಿಫ ಚೀಟಿ ನೋಡಿ, ಏಳದೆ, ಕೂತಲ್ಲಿಂದಲೇ ಕೈ ಚಾಚಿ, ಟಾನಿಕ್ಕಿನ ಖಾನೆಯ ಕೆಳಗಿನ ಖಾನೆಯಿಂದ ಒಂದು ಪಟ್ಟಿ ತೆಗೆದ. "ಯಾರಿಗಿ ಅಕ್ಕಾ ಇದು? ಕೈ ನಡುಗೋ ಮುದುಕರು ಒಯ್ತಾರ ನನ್ನ ಕಡಿಂದ, ದಿನಾ."

"ಮೊದ್ಲಿಂದ ಇಲ್ಲೇ ಇತ್ತೇನು?"

"ಅಂಗಡಿ ತೆಗದಾಗಿಂದ ಅದ."

ಇಷ್ಟು ವರ್ಷ ಇದೇ ಕಟ್ಟೆಗೆ ಮೊಣಕೈ ಊರಿ ಟಾನಿಕ್ಕು ಕೇಳಿದ್ದಳು. ಒಂದು ಗೇಣು ಕೆಳಗೆ ಕೂತಿತ್ತು ಮಗಳ ಕಾಲು. ಯಾರನ್ನು ಬೈಯುವುದು? ಮುಂಜಾನೆ ನೋಡಿದ ಡಾಕ್ಟರುಗಳನ್ನೇ, ಕೀಲಿ ಹಾಕಿದ ಕಂಪೌಂಡರನನ್ನೇ, ಬದಲಿ ಕಳಿಸಿದ ಗಂಡನನ್ನೇ? ಸರಿತಾ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಬಸ್ ಸ್ಟ್ಯಾಂಡಿನ ಮಂದಿಯೆಲ್ಲ ನೋಡುವಂತೆ, ಸಿಟ್ಟಿಗೇ ಬಿಕ್ಕಿಬಿಕ್ಕಿ ಅತ್ತಳು. ಆರಿಫ ಗಾಬರಿಯಾಗಿ ಬಿಲ್ಲು ಮಾಡುವುದನ್ನೇ ಮರೆತ.

ಗುಳಿಗೆ ಶುರುವಾದ ಮೇಲೆ ಮೊದಲು ಮಧ್ಯಾಹ್ನ ನೆಟ್ಟಗಾಯಿತು. ಆಮೇಲೆ ಸಂಜೆ. ಎಡ ಪಾದ ಇನ್ನೂ ಸ್ವಲ್ಪ ಒಳಕ್ಕೆ ಬೀಳುತ್ತದೆ. ಆ ಕಳೆದುಹೋದ ತಿಂಗಳುಗಳ ಲೆಕ್ಕ ಅದು, ಪೂರ್ತಿ ಹೋಗುತ್ತದೋ ಇಲ್ಲವೋ ಮಯೂರಿಗೂ ಗೊತ್ತಿಲ್ಲ. ಸಖುಬಾಯಿ ಮಾತ್ರ ರೂಢಿ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಾದರೆ ಸಾಕು, ಬಾಗಿಲಿಗೆ ಬಂದು, ಮೊಮ್ಮಗಳನ್ನು ಎತ್ತಿಕೊಳ್ಳಲು ಬಗ್ಗಿ ಎರಡೂ ಕೈ ಚಾಚುತ್ತಾಳೆ. ಸರಿತಾ ಅದನ್ನು ನೋಡಿಯೂ ನೋಡದಂತೆ ಒಲೆ ಊದುತ್ತಾಳೆ. ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡಿಲ್ಲ.

ಹೀಗೇ ಒಂದು ಸಂಜೆ. ಸರಿತಾ ಎಮ್ಮೆ ಹಿಂಡಿ ಹಾಲಿನ ತಂಬಿಗೆಯನ್ನು ಅಂಗಳದ ಕಲ್ಲಿನ ಮೇಲಿಟ್ಟಿದ್ದಳು. ಓಣಿಯ ಹುಡುಗರ ಜೊತೆ ಮುಟ್ಟಾಟ ಆಡುತ್ತಿದ್ದ ಪೂನಂ ಕೂಗುತ್ತ ಒಳಗೆ ನುಗ್ಗಿದಳು. ಬಾಗಿಲಲ್ಲಿ ಚಾಚಿದ ಅಜ್ಜಿಯ ಎರಡು ಕೈಗಳ ಕೆಳಗಿಂದ ನುಸುಳಿದಳು. ತಂಬಿಗೆಗೆ ಕಾಲು ತಾಗಿ ಹಾಲೆಲ್ಲ ಅಂಗಳದ ಪಾಲಾಯಿತು. ನಿಲ್ಲದೆ ಹಿತ್ತಿಲಿನತ್ತ ಓಡಿದಳು.

"ಏ ಪೂನಂ! ನಿಂದ್ರು ನೀ! ಕಾಲು ಮುರೀತೀನಿ ನೋಡು!"

ಕೂಗಿದ್ದು ತಾನೇ ಎಂದು ಸರಿತಾಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಕೈ ಬಾಯಿಗೆ ಹೋಯಿತು. ಬಾಗಿಲಲ್ಲಿ ಬರಿಗೈ ಚಾಚಿ ನಿಂತಿದ್ದ ಸಖುಬಾಯಿ ಸೊಸೆಯ ಮುಖ ನೋಡಿದಳು. ಸೊಸೆಯೂ ಇಷ್ಟು ದಿನಗಳ ಮೇಲೆ ನೇರವಾಗಿ ಅವಳ ಮುಖ ನೋಡಿದಳು. ಹಿತ್ತಿಲಿನಿಂದ ಪೂನಂ ಕಿಲಕಿಲ ನಗುತ್ತ, "ಹಿಡಿ ನೋಡೋಣ!" ಎಂದು ಇನ್ನೂ ದೂರ ಓಡಿದಳು.